ಪೀಪಾಯಿಯ ಮೇಲಿಟ್ಟ ಕಿರೀಟ

ನಾನು ಒಂದು ಕಿರೀಟ. ಹಾಗೆಂದ ಕೂಡಲೇ ಸಿಂಹಾಸನ, ದಂಡು, ದರ್ಬಾರು ಎಂದೆಲ್ಲ ಕಲ್ಪಿಸಿಕೊಳ್ಳಬೇಡಿ. ನನ್ನ ರಾಜ್ಯವೆಂದರೆ ಒಂದು ಕಡಿದಾದ ಬೆಟ್ಟದ ಮಗ್ಗುಲು, ಅದರ ಬುಡದಲ್ಲೊಂದು ಹಳ್ಳಿ, ಹಳ್ಳಿಯನ್ನು ಬಳಸಿಕೊಂಡು ಹರಿಯುವ ಮೋಸೆಲ್ ನದಿ. ನನ್ನನ್ನು ತಲೆಗೇರಿಸಿಕೊಂಡವರು ಬೆಳಿಗ್ಗೆ ಬೇಕರಿಯಲ್ಲಿ ಬ್ರೆಡ್ ಮಾರಿ ಮಧ್ಯಾಹ್ನ ಮಂತ್ರಿಗಳ ಕೈ ಕುಲುಕಿದ ಹುಡುಗಿಯರು. ಜರ್ಮನಿಯಲ್ಲಿ ದ್ರಾಕ್ಷಿ ಬೆಳೆಯುವ ಎಷ್ಟೋ ಊರುಗಳು ವರ್ಷಕ್ಕೊಬ್ಬ ಹುಡುಗಿಯನ್ನು ವೈನ್ ರಾಣಿಯಾಗಿ ಆರಿಸುತ್ತವೆ. ರಾಣಿಯ ಕೆಲಸ ಆಳುವುದಲ್ಲ, ಮಾರುವುದು. ಊರಿನ ವೈನನ್ನು ಹೊಗಳುತ್ತ ಮೇಳ, ಔತಣ, ದೊಡ್ಡ ಪೇಟೆಯ ಅಂಗಡಿ ಎಂದು ಸುತ್ತುವುದು.

ಇನ್ನೊಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ನನ್ನ ಕಥೆಯಲ್ಲಿ ಬರುವ ಜರ್ಮನಿಯ ಜನ ಉಡುಪಿಯವರ ಹಾಗೆ ಮಾತಾಡಿದರೆ ನಗಬೇಡಿ. ನನಗೆ ಬರುವ ಕನ್ನಡ ಅದೊಂದೇ. ಅದು ಎಲ್ಲಿಂದ ಬಂತು ಎಂಬುದನ್ನು ಕೊನೆಯಲ್ಲಿ ಹೇಳುತ್ತೇನೆ.

ಹುಟ್ಟುವುದಕ್ಕೆ ಮೊದಲು ನಾನು ಚಮಚವಾಗಿದ್ದೆ. ಒಂದಲ್ಲ, ಹಲವು. ಎರಡನೆಯ ಮಹಾಯುದ್ಧ ಮುಗಿದು ನಮ್ಮ ಶೀಫರ್‌ಬಾಖ್ ಹಳ್ಳಿ ಸುಧಾರಿಸಿಕೊಳ್ಳುತ್ತಿದ್ದ ಕಾಲ ಅದು. ನೆಲಮಾಳಿಗೆಗಳಲ್ಲಿ ವೈನ್ ಇತ್ತು, ಕೊಳ್ಳುವವರಿರಲಿಲ್ಲ. ಬೇರೆ ಊರುಗಳು ಹುಡುಗಿಯರಿಗೆ ಕಿರೀಟ ತೊಡಿಸಿ ಪೇಟೆಗೆ ಕಳಿಸುತ್ತಿವೆ, ನಾವೂ ಒಬ್ಬಳನ್ನು ಕಳಿಸೋಣ ಎಂದು ಹಿರಿಯರು ತೀರ್ಮಾನಿಸಿದರು. ಬೆಳ್ಳಿ ಕೊಳ್ಳುವ ಶಕ್ತಿ ಯಾರಿಗೂ ಇರಲಿಲ್ಲ. ಹಾಗಾಗಿ ಮನೆಗೊಂದು ಬೆಳ್ಳಿ ಚಮಚ ಕೊಡಿ ಎಂದು ಕೇಳಿದರು. ಅಜ್ಜಿಯರು ಮುಖ ಸಣ್ಣ ಮಾಡಿಕೊಂಡೇ ಕೊಟ್ಟರು. ಅಕ್ಕಸಾಲಿಗ ಆಂಟನ್ ಬ್ರೂಕ್ ಅವನ್ನೆಲ್ಲ ಕರಗಿಸಿ, ದ್ರಾಕ್ಷಿ ಎಲೆಗಳನ್ನು ಬಡಿದು, ನಡುವೆ ಹಸಿರು ಗಾಜಿನ ಮಣಿಗಳ ಗೊಂಚಲು ಕೂರಿಸಿ ನನ್ನನ್ನು ಮಾಡಿದ. ಬಾಯಿಯಿಂದ ತಲೆಗೆ ಬಡ್ತಿ ಸಿಕ್ಕಿತೆಂದು ನಾನು ಬೀಗಿದೆ. ಆದರೂ ಚಮಚದ ಗುಣ ನನ್ನನ್ನು ಬಿಡಲಿಲ್ಲ. ಯಾರು ನನ್ನನ್ನು ತೊಟ್ಟರೂ ನನ್ನ ಗಮನ ಅವರ ಬಾಯಿಯ ಮೇಲೆಯೇ.

ಬ್ರೂಕ್ ಒಂದು ಷರತ್ತು ಹಾಕಿ ನನ್ನನ್ನು ಊರಿಗೆ ಒಪ್ಪಿಸಿದ.

"ಇದು ಊರಿನವರ ಬಾಯಿಗೆ ಹೋದ ಬೆಳ್ಳಿ. ಇದನ್ನ ತಲೆಗಿಟ್ಟು ಸುಳ್ಳು ಹೇಳ್ಬಾರ್ದು," ಎಂದ.

ಅದರಿಂದ ಒಂದು ಪದ್ಧತಿ ಹುಟ್ಟಿತು. ಬೇಸಿಗೆಯ ಕೊನೆಗೆ ನಡೆಯುವ ವೈನ್ ಉತ್ಸವದಲ್ಲಿ, ಹಿಂದಿನ ವರ್ಷದ ಬೆಳೆಯ ವೈನನ್ನು ಮೊದಲು ರಾಣಿ ಕುಡಿಯಬೇಕು. ಕುಡಿದು ಎಲ್ಲರೆದುರು ಮಾತು ಕೊಡಬೇಕು: "ನಮ್ಮ ಬಂಡೆಯದು, ನಮ್ಮ ಕೈಯದು." ಅಲ್ಲಿಯತನಕ ಯಾರೂ ಲೋಟ ಎತ್ತುವಂತಿಲ್ಲ. ಮಾತು ಕೊಡಲಾಗದಿದ್ದರೆ ರಾಣಿ ಕಿರೀಟ ತೆಗೆದು ಪೀಪಾಯಿಯ ಮೇಲೆ ಇಡಬೇಕು. ಮಾತಿಗೆ ತಕ್ಕ ವೈನ್ ಬರುವವರೆಗೆ ಅದು ಪೀಪಾಯಿಯ ಮೇಲೆಯೇ ಇರಬೇಕು. ಹಾಗೆ ಇಡುವ ಪ್ರಸಂಗ ಬರುತ್ತದೆಂದು ಯಾರೂ ಅಂದುಕೊಂಡಿರಲಿಲ್ಲ.

ಬಂಡೆ ಎಂದದ್ದು ನಮ್ಮ ದ್ರಾಕ್ಷಿ ಬೆಟ್ಟವನ್ನು. ಜರ್ಮನ್ ಭಾಷೆಯಲ್ಲಿ ಕ್ರೇಯೆನ್‌ಲೈ, ನಿಮ್ಮ ಬಾಯಲ್ಲಿ ಕಾಗೆಬಂಡೆ. ನೀವು ಚಿಕ್ಕಂದಿನಲ್ಲಿ ಬಳಪ ಹಿಡಿದು ಬರೆದ ಸ್ಲೇಟಿನ ಕಲ್ಲೇ ಅಲ್ಲಿ ಮಣ್ಣಿನ ಬದಲು ಹರಡಿಕೊಂಡಿದೆ. ಹಗಲು ಕುಡಿದ ಬಿಸಿಲನ್ನು ಆ ಕಲ್ಲು ಕತ್ತಲಾದ ಮೇಲೂ ಬಳ್ಳಿಗಳಿಗೆ ಹಂಚುತ್ತದೆ. ಏಣಿ ಹತ್ತಿದ ಹಾಗೆ ಹತ್ತಬೇಕಾದ ಆ ಇಳಿಜಾರಿನಲ್ಲಿ ಟ್ರ್ಯಾಕ್ಟರ್ ನಿಲ್ಲುವುದಿಲ್ಲ. ಎಲ್ಲವೂ ಕೈಕೆಲಸ, ಬೆನ್ನಿನ ಮೇಲಿನ ಬುಟ್ಟಿ.

ನನ್ನ ಮೊದಲ ರಾಣಿ ಹಿಲ್ಡಾ. ಗಟ್ಟಿ ಎಲುಬಿನ, ಗಟ್ಟಿ ದನಿಯ ಹುಡುಗಿ. ಅವಳ ಕಾಲದಲ್ಲಿ ವಸಂತದ ಮಂಜು ಬಿದ್ದು ಚಿಗುರೆಲ್ಲ ಕಪ್ಪಾಗಿ, ಇಡೀ ಊರಿಗೆ ಸಿಕ್ಕಿದ್ದು ಒಂದೇ ಸಣ್ಣ ಪೀಪಾಯಿ ವೈನ್. ಉತ್ಸವ ಬೇಡ ಎಂದವರಿದ್ದರು. ಹಿಲ್ಡಾ ಕೇಳಲಿಲ್ಲ. ತುಂಬು ಗುಟುಕು ಕುಡಿದಳು, ಮಾತು ಕೊಟ್ಟಳು, ಆಮೇಲೆ ಊರಿನವರಿಗೆಲ್ಲ ನಾಲಿಗೆ ನೆನೆಯುವಷ್ಟು ಹಂಚಿದಳು. ಅಂದು ಅವಳ ತಲೆಯ ಮೇಲೆ ಕೂತಿದ್ದಕ್ಕೆ ನನಗೆ ನಿಜವಾದ ಹೆಮ್ಮೆಯಾಯಿತು.

ಅವಳ ನಂತರ ಬಂದವರ ಕಥೆ ಬೇರೆ. ತಲೆಗಳು ಬದಲಾದವು, ನಗು ಮಾತ್ರ ಒಂದೇ. ಒಬ್ಬಳ ಜೊತೆ ಲಂಡನ್ನಿಗೆ ಹೋಗಿ, ದೊಡ್ಡ ಅಂಗಡಿಯೊಂದರಲ್ಲಿ ರಟ್ಟಿನ ಕೋಟೆಯ ಪಕ್ಕ ದಿನವಿಡೀ ನಿಂತೆ. ಬಂದವರೆಲ್ಲ ಸಿಹಿ ಇದೆಯಾ ಎಂದು ಕೇಳುವವರೇ. ಹೊರದೇಶಗಳಲ್ಲಿ ಆಗ ಜರ್ಮನ್ ವೈನಿಗೆ ಅಗ್ಗದ ಸಿಹಿನೀರು ಎಂಬ ಹೆಸರು ಬಂದಿತ್ತು. ನಮ್ಮ ಹುಡುಗಿಯರು ಅದಕ್ಕೂ ತಲೆಯಾಡಿಸಿ ನಕ್ಕರು. ಉತ್ಸವದ ದಿನ ಲೋಟವನ್ನು ತುಟಿಗೆ ತಾಗಿಸಿ, ಕುಡಿದ ಹಾಗೆ ಮಾಡಿ, ಗಿಣಿಪಾಠ ಒಪ್ಪಿಸಿದರು. ಇಷ್ಟು ಎತ್ತರದಲ್ಲಿ ಕೂತವನಿಗೆ ಗಂಟಲು ಆಡಿತೋ ಇಲ್ಲವೋ ಎಂದು ತಿಳಿಯದೆ ಇರುತ್ತದೆಯೇ. ವೈನ್ ಚೆನ್ನಾಗಿಯೇ ಇರುತ್ತಿದ್ದುದರಿಂದ ಏನೂ ಕೆಡಲಿಲ್ಲ.

ಇನ್ನು ಈ ಕಥೆಯ ಮನೆಗೆ ಬರುತ್ತೇನೆ. ಊರಿನ ಬೆಳೆಗಾರರ ಸಂಘಕ್ಕೆ ಒಂದು ದೊಡ್ಡ ನೆಲಮಾಳಿಗೆಯಿತ್ತು. ಅಲ್ಲಿ ವೈನ್ ಮಾಡುವ ಉಸ್ತುವಾರಿ ಮಥಿಯಾಸ್ ಕ್ರೆಮರ್ ಎಂಬವನದು. ಅವನು ಹರೆಯದಲ್ಲಿ ಕಾಗೆಬಂಡೆಯಿಂದ ಜಾರಿ ಕಾಲು ಮುರಿದುಕೊಂಡು ಆಸ್ಪತ್ರೆ ಸೇರಿದ್ದ. ಹಿಂದಿರುಗುವಾಗ ನೆಟ್ಟಗಾದ ಕಾಲಿನ ಜೊತೆ, ಮದುವೆಯಾಗಲು ಒಪ್ಪಿದ ನರ್ಸನ್ನೂ ಕರೆತಂದ. ಅವಳು ಉಡುಪಿಯ ಮಿಶನ್ ಕಾಂಪೌಂಡಿನಲ್ಲಿ ಬೆಳೆದ ಸುಗಂಧಿ. ಕುಡಿತವೆಂದರೆ ಪಾಪ ಎಂದು ಭಾನುವಾರದ ಶಾಲೆಯಲ್ಲಿ ಕಲಿತವಳು ಹೋಗಿ ಹೋಗಿ ವೈನ್ ಮಾಡುವವನ ಕೈ ಹಿಡಿದಳು. ಒಂದು ತೊಟ್ಟೂ ಕುಡಿಯಲಿಲ್ಲ, ಆದರೆ ಬೆಟ್ಟದ ಕೆಲಸದಲ್ಲಿ ಗಂಡನಿಗೆ ಸರಿಸಮನಾಗಿ ನಿಂತಳು. ಅವರ ಒಬ್ಬಳೇ ಮಗಳು ಕರುಣಾ. ಬಣ್ಣ ತಾಯಿಯದು, ನಾಲಿಗೆ ತಂದೆಯದು. ಮಥಿಯಾಸ್ ಅವಳಿಗೆ ಎಳವೆಯಿಂದಲೇ ಬೆರಳ ತುದಿಯಲ್ಲಿ ವೈನ್ ನೆಕ್ಕಿಸಿ, ಇದು ಬಂಡೆಯ ಮೇಲ್ತುದಿಯದು, ಇದು ನದಿಯ ಪಕ್ಕದ್ದು ಎಂದು ಕಲಿಸಿದ್ದ.

ಆ ಕರುಣಾ ವೈನ್ ರಾಣಿಯಾಗಿ ಆರಿಸಿಬಂದಳು. ಕೂದಲೆಳೆಯ ಅಂತರದ ಗೆಲುವು. ಅಷ್ಟು ಹೊತ್ತಿಗೆ ಹಿಲ್ಡಾ ಉತ್ಸವ ಸಮಿತಿಯ ಅಧ್ಯಕ್ಷೆಯಾಗಿದ್ದಳು. ನನ್ನನ್ನು ಕರುಣಾಳ ತಲೆಗಿಡುವ ಮೊದಲು ಪಕ್ಕದವಳಿಗೆ ಮೆಲ್ಲಗೆ ಹೇಳಿದಳು.

"ಊರಿನ ಮನೆಮನೆಯ ಚಮಚ ಇದರಲ್ಲುಂಟು. ಇವಳ ತಾಯಿಯ ಚಮಚ ಮಾತ್ರ ಇಲ್ಲ."

ಅದು ಕರುಣಾಳ ಕಿವಿಗೆ ಬಿತ್ತು. ಅವಳ ಹಣೆಯ ನರ ಒಮ್ಮೆ ಮಿಡಿದದ್ದು ನನಗೆ ತಿಳಿಯಿತು. ಅವಳು ಏನೂ ಆಗದವಳಂತೆ ನಕ್ಕಳು. ಬೇಕರಿಯಲ್ಲಿ ಅವಳ ಕೈಯಿಂದ ಬ್ರೆಡ್ ಕೊಳ್ಳುವವರು ಆ ದಿನದಿಂದ ಹೆಸರು ಹಿಡಿದು ಮಾತಾಡಿಸತೊಡಗಿದರು. ಹುಟ್ಟಿದ ಊರಿನಲ್ಲಿ ಊರಿನವಳೆನ್ನಿಸಿಕೊಳ್ಳುವುದಕ್ಕೆ ಆ ಹುಡುಗಿ ಎಷ್ಟು ಆಸೆಪಟ್ಟಿದ್ದಳು ಎಂಬುದು ಅವಳ ತಲೆಯ ಮೇಲಿದ್ದ ನನಗೆ ಗೊತ್ತು.

ಆ ವರ್ಷ ನಾನು ಕ್ರೆಮರ್ ಮನೆಯ ಅಡುಗೆಕೋಣೆಯ ಕಪಾಟಿನ ಮೇಲೆ ಇದ್ದೆ. ಊರೂರ ರಾಣಿಯರಲ್ಲಿ ಪ್ರಾಂತ್ಯಕ್ಕೊಬ್ಬಳನ್ನು ಆರಿಸುವ ಪರೀಕ್ಷೆಗೆ ಕರುಣಾ ಓದುತ್ತಿದ್ದಳು. ಸುಗಂಧಿ ದೋಸೆ ಹೊಯ್ಯುತ್ತ ಪ್ರಶ್ನೆ ಕೇಳುವಳು.

"ಫ್ರಾಂಕೆನ್ ಸೀಮೆಯ ಬಾಟ್ಲಿ ಹೇಗುಂಟು?"

"ಚಪ್ಪಟೆ. ಹೊಟ್ಟೆ ದೊಡ್ಡದು."

"ರೈನ್ ನದಿಯ ಕಡೆಯದ್ದು?"

"ಉದ್ದ, ಕಂದು ಬಣ್ಣ. ನಮ್ಮದು ಉದ್ದ, ಹಸಿರು."

"ಬಾಡೆನ್?"

"ಅಲ್ಲಿ ಬಿಸಿಲು ಹೆಚ್ಚಮ್ಮ. ಕೆಂಪು ವೈನೂ ಚೆನ್ನಾಗಿ ಬರ್ತದೆ."

"ಇದೆಲ್ಲ ಬಾಯಿಪಾಠ ಆಯ್ತು. ಒಂದು ಮಾತು ನೆನಪಿಟ್ಕೊ ಮಗಾ. ಕೈಗೆ ಕೊಟ್ಟದ್ದನ್ನ ರುಚಿ ನೋಡದೆ ಚೆನ್ನಾಗುಂಟು ಅಂತ ಹೇಳ್ಬೇಡ."

ತಾಯಿ ಮಗಳ ಮಾತೆಲ್ಲ ಕನ್ನಡದಲ್ಲಿ, ಆಗ ಇದೊಂದೂ ನನಗೆ ಅರ್ಥವಾಗುತ್ತಿರಲಿಲ್ಲ. ದನಿಗಳು ಮಾತ್ರ ನೆನಪಿನಲ್ಲಿ ಉಳಿದವು. ಅರ್ಥ ಬಹಳ ತಡವಾಗಿ ಬಂತು. ಆ ಅಡುಗೆಕೋಣೆಯಲ್ಲಿ ನನಗೆ ಪರಿಚಯವಾದ ಇನ್ನೊಂದು ವಸ್ತುವನ್ನೂ ಹೇಳಬೇಕು. ಸುಗಂಧಿಯ ಅಜ್ಜಿಯ ಕಾಲದ ಒಂದು ಬೆಳ್ಳಿ ಚಮಚ, ಹಿಡಿಯಲ್ಲಿ ಸಣ್ಣದೊಂದು ಹೂವು. ಕರುಣಾಳಿಗೆ ಗಂಜಿ ಉಣ್ಣಿಸಿದ್ದು ಅದರಲ್ಲೇ. ಹಳೆಯ ನೆಂಟನನ್ನು ಕಂಡಂತಾಗಿ ನಾನು ಅದನ್ನೇ ನೋಡುತ್ತಿದ್ದೆ.

ಕರುಣಾ ರಾಣಿಯಾಗುವುದಕ್ಕೆ ಹಿಂದಿನ ಬೇಸಿಗೆಯಲ್ಲಿ ಕಾಗೆಬಂಡೆಯ ಮೇಲೆ ಆಲಿಕಲ್ಲು ಸುರಿದಿತ್ತು. ಎಲೆ, ಕಾಯಿ, ತೊಗಟೆ ಎಲ್ಲ ಜಜ್ಜಿಹೋಗಿತ್ತು. ಮೇಲ್ತುದಿಯಲ್ಲಿ ಬಂಡೆಯ ಮರೆಗಿದ್ದ ಬಳ್ಳಿಗಳು ಉಳಿದಿವೆ, ಉತ್ಸವಕ್ಕೆ ಸಾಲುವಷ್ಟು ವೈನ್ ಆಗಿದೆ ಎಂದು ಮಥಿಯಾಸ್ ಹೇಳಿದ್ದ. ನಂಬಬೇಕೆಂದಿದ್ದ ಊರು ಸುಲಭವಾಗಿ ನಂಬಿತು. ಕರುಣಾ ತಂದೆಯ ಮಾತಾದ್ದರಿಂದ ನಂಬಿದಳು.

ಉತ್ಸವಕ್ಕೆ ಮೊದಲಿನ ಭಾನುವಾರ ತಾಯಿ ಮಗಳು ಚರ್ಚಿಗೆ ಹೋಗಿದ್ದರು. ಹಿಲ್ಡಾ ಅಡುಗೆಕೋಣೆಗೆ ಬಂದು, ಮಥಿಯಾಸನ ಎದುರು ಕೂತಳು.

"ಮಥಿಯಾಸ್, ನಿಜ ಹೇಳು. ಅಷ್ಟೊಂದು ವೈನ್ ಎಲ್ಲಿಂದ ಬಂತು?"

ಅವನು ಮೇಜಿನ ಮೇಲಿನ ಬ್ರೆಡ್ ಚೂರನ್ನು ಹಿಸುಕುತ್ತ ಕೂತ. ಆಮೇಲೆ ಹೇಳಿದ.

"ನಮ್ಮದು ಒಂದೇ ಸಣ್ಣ ಪೀಪಾಯಿ ಆಯ್ತು. ಬಾಕಿಯದ್ದು ಬಯಲುಸೀಮೆಯದ್ದು. ಟ್ಯಾಂಕರಿನಲ್ಲಿ ತರಿಸಿದೆ. ನಮ್ಮದನ್ನೂ ಅದಕ್ಕೇ ಬೆರೆಸಿದೆ."

"ದೇವರೇ. ಊರಿನವರಿಗೆ ಗೊತ್ತುಂಟಾ?"

"ಇಲ್ಲ. ಲಂಡನ್ನಿನಿಂದ ಪೆಟಿಫರ್ ಬರ್ಲಿಕ್ಕುಂಟು. ಅವನ ಅಂಗಡಿಗಳು ನಮ್ಮ ವೈನ್ ಹಿಡಿದ್ರೆ ಊರು ಉಳೀತದೆ. ಒಂದು ಪೀಪಾಯಿ ತೋರಿಸಿದ್ರೆ ಅವನು ನಕ್ಕು ಹೋಗ್ತಾನೆ. ಈಗಲೇ ಅರ್ಧ ಬೆಟ್ಟಕ್ಕೆ ಮುಳ್ಳು ಬೆಳೆದುಂಟು ಹಿಲ್ಡಾ. ಇನ್ನೊಂದು ವರ್ಷ ಕೊಳ್ಳುವವರಿಲ್ಲದಿದ್ರೆ ಬಾಕಿಯದ್ದನ್ನೂ ಬಿಡ್ತಾರೆ."

ಹಿಲ್ಡಾ ತಲೆಯೆತ್ತಿ ಕಪಾಟಿನ ಮೇಲಿದ್ದ ನನ್ನನ್ನು ನೋಡಿದಳು. ಬೈಯುತ್ತಾಳೆ, ಎದ್ದು ಹೋಗಿ ಊರಿಗೆ ಹೇಳುತ್ತಾಳೆ ಎಂದು ನಾನು ಕಾದೆ. ಒಂದು ಸಣ್ಣ ಪೀಪಾಯಿಯ ಬೆಲೆ ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು.

"ಹುಡುಗಿಗೆ ತಿಳಿದ್ರೆ ಎಂತ ಮಾಡೋದು?" ಎಂದಳು.

ಅಷ್ಟೇ ಕೇಳಿದಳು. ನನಗೆ ಅವಳ ಮೇಲೆ ಬಂದ ಸಿಟ್ಟು ಇವತ್ತಿಗೂ ನೆನಪಿದೆ.

"ಯಾವ ರಾಣಿ ಕುಡೀತಾಳೆ ಅಲ್ಲಿ? ತುಟಿ ಒದ್ದೆ ಮಾಡ್ತಾರೆ, ಮಾತು ಹೇಳ್ತಾರೆ," ಎಂದ ಮಥಿಯಾಸ್. ತಾನೇ ಸಾಣೆ ಹಿಡಿದ ನಾಲಿಗೆಯನ್ನು ಅವನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

ಅಂದಿನಿಂದ ಉತ್ಸವದವರೆಗೆ ನಾನು ಆ ಕಪಾಟಿನ ಮೇಲೆ ಮುಳ್ಳಿನ ಮೇಲಿದ್ದ ಹಾಗೆ ಇದ್ದೆ. ಕರುಣಾ ನನ್ನನ್ನು ಒರೆಸುತ್ತ ಆ ಮಾತನ್ನು ಮತ್ತೆ ಮತ್ತೆ ಅಭ್ಯಾಸ ಮಾಡುವಳು, ನಮ್ಮ ಬಂಡೆಯದು, ನಮ್ಮ ಕೈಯದು ಎಂದು. ಮಥಿಯಾಸ್ ಅದು ಕೇಳಿದೊಡನೆ ಎದ್ದು ಹೊರಗೆ ಹೋಗುವನು. ಅವಳ ಬೆರಳುಗಳ ನಡುವೆ ಇದ್ದೂ ನಾನು ಒಂದು ಮಾತು ಹೇಳಲಾರದವನಾಗಿದ್ದೆ.

ಉತ್ಸವದ ದಿನ ಚೌಕ ತುಂಬಿತ್ತು. ಹಿತ್ತಾಳೆ ವಾದ್ಯದವರು ಸಾಲಾಗಿ ನಿಂತಿದ್ದರು. ಮುಂದಿನ ಸಾಲಿನಲ್ಲಿ ಪೆಟಿಫರ್, ಉದ್ದನೆಯ ತೆಳ್ಳನೆಯ ಮನುಷ್ಯ, ಟೋಪಿಯನ್ನು ಮೊಣಕಾಲ ಮೇಲಿಟ್ಟುಕೊಂಡು ಕೂತಿದ್ದ. ಅವನ ಪಕ್ಕ ಪತ್ರಿಕೆಯವರು. ಆ ವರ್ಷಗಳಲ್ಲಿ ಬೇರೆಡೆ ವೈನಿಗೆ ಕಲಬೆರಕೆ ಮಾಡಿ ಸಿಕ್ಕಿಬಿದ್ದವರ ಸುದ್ದಿ ದೊಡ್ಡದಾಗಿ ಬಂದಿದ್ದರಿಂದ ಎಲ್ಲರ ಕಣ್ಣಲ್ಲೂ ಒಂದು ಅನುಮಾನ. ಅದಕ್ಕಾಗಿಯೇ ಹಿಲ್ಡಾ ನಮ್ಮ ಪದ್ಧತಿಯನ್ನು ದೊಡ್ಡ ದನಿಯಲ್ಲಿ ವಿವರಿಸಿದಳು. ರಾಣಿ ಮಾತು ಕೊಟ್ಟರೆ ಮಾತು ಕೊಟ್ಟ ಹಾಗೆಯೇ ಎಂದಳು. ಜನ ಚಪ್ಪಾಳೆ ತಟ್ಟಿದರು.

ಮಥಿಯಾಸ್ ಪೀಪಾಯಿಯ ನಲ್ಲಿ ತಿರುಗಿಸಿ, ಹಸಿರು ಕಾಲಿನ ಲೋಟ ತುಂಬಿಸಿ ಮಗಳ ಕೈಗೆ ಕೊಟ್ಟ. ಲೋಟ ಕೊಡುವಾಗ ಅವಳ ಮುಖ ನೋಡಲಿಲ್ಲ. ಕರುಣಾ ಲೋಟವನ್ನು ಮೂಗಿನ ಹತ್ತಿರ ತಂದಳು. ಬೇಡ, ತುಟಿ ಮಾತ್ರ ತಾಗಿಸು ಎಂದು ನಾನು ಬೇಡಿಕೊಂಡೆ. ಮರುಕ್ಷಣವೇ, ಇಲ್ಲ, ಕುಡಿ ಎಂದುಕೊಂಡೆ. ಯಾವುದು ಬೇಕಿತ್ತೆಂದು ನನಗೇ ತಿಳಿಯದು.

ಅವಳು ಕುಡಿದಳು. ತುಂಬು ಗುಟುಕು.

ಕಾಗೆಬಂಡೆಯ ವೈನ್ ಮೊದಲು ಹುಳಿಯಾಗಿ ನಾಲಿಗೆಯನ್ನು ಹಿಡಿಯುತ್ತದೆ. ಆಮೇಲೆ ಬಿಡುತ್ತದೆ, ಕೊನೆಗೆ ಮಳೆ ಬಿದ್ದ ಕಲ್ಲಿನ ವಾಸನೆಯೊಂದು ಉಳಿಯುತ್ತದೆ. ಇದು ಹಾಗಿರಲಿಲ್ಲ. ದುಂಡಗೆ, ಮೆತ್ತಗೆ, ಸಿಹಿಯಾಗಿ ಒಳಗಿಳಿದುಬಿಟ್ಟಿತು. ಅವಳು ಇನ್ನೊಂದು ಗುಟುಕು ಕುಡಿದಳು. ತಪ್ಪು ತನ್ನ ನಾಲಿಗೆಯದಿರಲಿ ಎಂದು ಆಸೆಪಟ್ಟವಳಂತೆ ಬಾಯಲ್ಲೇ ಇಟ್ಟುಕೊಂಡಳು. ನಂತರ ತಂದೆಯನ್ನು ನೋಡಿದಳು. ಮಥಿಯಾಸ್ ನಲ್ಲಿಯನ್ನು ನೋಡುತ್ತಿದ್ದ. ಅದನ್ನು ಕಂಡ ಕೂಡಲೇ ಅವಳಿಗೆ ಎಲ್ಲವೂ ತಿಳಿಯಿತು. ಅವಳ ಹಣೆಯ ನರ ನನ್ನ ಅಂಚಿಗೆ ಬಡಿಯತೊಡಗಿತು.

ವಾದ್ಯದವರು ತುತ್ತೂರಿ ಬಾಯಿಗಿಟ್ಟು ಕಾದರು. ಜನ ಮೊದಲು ನಗುತ್ತ ಕಾದರು, ಆಮೇಲೆ ನಗು ಬಿಟ್ಟು ಕಾದರು. ಹಿಂದಿನಿಂದ ಹಿಲ್ಡಾ ತುಟಿ ಅಲುಗಿಸದೆ ಹೇಳಿದಳು.

"ಹೇಳು ಕರುಣಾ."

"ಇದು ನಮ್ಮದಲ್ಲ ಆಂಟಿ."

"ಗೊತ್ತುಂಟು. ಹೇಳಿಬಿಡು. ಇವತ್ತು ಹೇಳಿದ್ರೆ ನೀನು ಜೀವಮಾನವಿಡೀ ಈ ಊರಿನವಳು. ಹೇಳದಿದ್ರೆ ನಿನ್ನಪ್ಪನ ಗತಿ ಎಂತ ಆಗ್ತದೆ ಯೋಚನೆ ಮಾಡು."

ನನ್ನ ಕೆಳಗಿದ್ದ ಆ ತಲೆಯಲ್ಲಿ ಆಗ ಏನೇನು ನಡೆಯಿತೆಂದು ನಾನು ಬಲ್ಲೆ. ಬೇಕರಿಯಲ್ಲಿ ಹೆಸರು ಹಿಡಿದು ಕರೆಯುವವರು ನಾಳೆಯೂ ಕರೆಯಬೇಕು. ತಂದೆ ತಲೆಯೆತ್ತಿ ನಡೆಯಬೇಕು. ನಾಲ್ಕು ಪದ, ಅಷ್ಟೇ ಖರ್ಚು. ಅವಳ ಕಣ್ಣು ಗುಂಪಿನಲ್ಲಿ ತಾಯಿಯನ್ನು ಹುಡುಕಿತು. ಸುಗಂಧಿಗೆ ಏನೂ ತಿಳಿದಿರಲಿಲ್ಲ. ಮಗಳು ಹೆದರಿದ್ದಾಳೆ ಎಂದುಕೊಂಡು, ಧೈರ್ಯವಾಗಿರು ಎನ್ನುವಂತೆ ತಲೆಯಾಡಿಸಿದಳು.

ಕರುಣಾ ಲೋಟವನ್ನು ಕೆಳಗಿಟ್ಟಳು.

"ಈ ವೈನ್ ಕೆಟ್ಟದ್ದಲ್ಲ," ಎಂದಳು. ದನಿ ಸಣ್ಣದಿತ್ತು, ಆದರೆ ಚೌಕ ಅಷ್ಟು ನಿಶ್ಶಬ್ದವಾಗಿತ್ತು. "ಯಾರೋ ಕಷ್ಟಪಟ್ಟೇ ಮಾಡಿದ್ದಾರೆ. ಆದ್ರೆ ಇದು ನಮ್ಮ ಬಂಡೆಯದ್ದಲ್ಲ. ನಾನು ಮಾತು ಕೊಡ್ಲಿಕ್ಕೆ ಆಗುದಿಲ್ಲ."

ಅವಳು ಕೈಯೆತ್ತಿ ನನ್ನನ್ನು ತೆಗೆದಳು. ಪಿನ್ನುಗಳು ಕೂದಲನ್ನು ಎಳೆದುಕೊಂಡೇ ಬಂದವು. ಪೀಪಾಯಿಯ ಮೇಲೆ ನೋಡದೆ ಇಟ್ಟದ್ದರಿಂದ ನಾನು ಜಾರಿ ಕಬ್ಬಿಣದ ಪಟ್ಟಿಗೆ ಬಡಿದೆ. ನನ್ನದೊಂದು ಎಲೆ ಮುರಿದು ಕೆಳಗೆ ಬಿತ್ತು. ಅದನ್ನು ಯಾರೂ ಗಮನಿಸಲಿಲ್ಲ. ಆಮೇಲಿನ ನೂಕುನುಗ್ಗಲಿನಲ್ಲಿ ಅದು ಯಾರ ಬೂಟಿನ ಕೆಳಗೆ ಹೋಯಿತೋ ತಿಳಿಯದು.

"ನಮ್ಮದು ಯಾವುದು ಅಂತ ಇವಳು ಹೇಳ್ಬೇಕಾ?" ಎಂದು ಹಿಂದಿನ ಸಾಲಿನಿಂದ ಒಂದು ಗಂಡಸಿನ ದನಿ ಬಂತು. ಹಲವರು ಹೌದು ಹೌದು ಎಂದರು. ಮಥಿಯಾಸ್ ಬಗ್ಗಿ ನಲ್ಲಿಯನ್ನು ಬಿಗಿಯಾಗಿ ಮುಚ್ಚಿ, ಜನರ ನಡುವಿನಿಂದ ಮನೆಯ ಕಡೆ ನಡೆದ. ಪೆಟಿಫರ್ ಎದ್ದು ಟೋಪಿ ಹಾಕಿಕೊಂಡ. ಅವನ ಕಾರು ಹೋದದ್ದು ಹೋಯಿತು, ಮತ್ತೆ ಬರಲಿಲ್ಲ.

ಮಥಿಯಾಸ್ ಮರುದಿನ ಸಂಘಕ್ಕೆ ಎಲ್ಲವನ್ನೂ ಹೇಳಿದ. ಅಧಿಕಾರಿಗಳು ಬಂದು ಸಂಘದ ಪೀಪಾಯಿಗಳಿಗೆ ಮೊಹರು ಹಾಕಿದರು. ಅವನ ಕೆಲಸ ಹೋಯಿತು. ಬೇಕರಿಯವನು ಕರುಣಾಳಿಗೆ ನಾಳೆಯಿಂದ ಬರಬೇಡ ಎಂದ. ವಿಚಿತ್ರವೆಂದರೆ ಊರಿನ ಸಿಟ್ಟು ಬೆರೆಸಿದವನ ಮೇಲೆ ಅಷ್ಟಿರಲಿಲ್ಲ, ಹೇಳಿದವಳ ಮೇಲಿತ್ತು.

ಕೆಲವು ದಿನಗಳ ನಂತರ ಹಿಲ್ಡಾ ನನ್ನನ್ನು ಕೈಯಲ್ಲಿ ಹಿಡಿದು ಕ್ರೆಮರ್ ಮನೆಗೆ ಬಂದಳು. ಬಾಗಿಲು ತೆರೆದವಳು ಸುಗಂಧಿ.

"ನಿಯಮ ನಿಯಮವೇ. ಇದು ಪೀಪಾಯಿಯ ಮೇಲೆ ಇರ್ಬೇಕು. ಸಂಘದ್ದಕ್ಕೆ ಮೊಹರು ಬಿದ್ದುಂಟು. ನಿಮ್ಮ ಮನೆಯ ನೆಲಮಾಳಿಗೆಯಲ್ಲಿ ಒಂದು ಖಾಲಿ ಇದೆಯಲ್ಲ," ಎಂದಳು ಹಿಲ್ಡಾ.

"ಬನ್ನಿ ಹಿಲ್ಡಕ್ಕ, ನೀವೇ ಇಡಿ," ಎಂದಳು ಸುಗಂಧಿ.

ಹಿಲ್ಡಾ ಮೆಟ್ಟಿಲಿಳಿದು ನನ್ನನ್ನು ಇಟ್ಟಳು. ಅವಳು ಹೋದ ಮೇಲೆ ನಾನು ಆ ತಣ್ಣನೆಯ ಕತ್ತಲಲ್ಲಿ ಒಬ್ಬನೇ ಉಳಿದೆ.

ಆ ಶರತ್ಕಾಲದಲ್ಲಿ ಕ್ರೆಮರ್ ಮನೆಯವರ ಪಾಲಿನ ಬೆಟ್ಟದ ತುಂಡಿನಲ್ಲಿ ದ್ರಾಕ್ಷಿ ಕೀಳಲು ಯಾರೂ ಬರಲಿಲ್ಲ. ಮಳೆ ಹಿಡಿದರೆ ಕಾಯಿ ಕೊಳೆಯುತ್ತದೆಂದು ಮೂವರೂ ಬೆನ್ನು ಬಗ್ಗಿಸಿ ದುಡಿದರು. ತಂದೆ ಮಗಳ ನಡುವೆ ಉತ್ಸವದ ದಿನದಿಂದ ಮಾತಿರಲಿಲ್ಲ. ಹಿಂಡುವ ಯಂತ್ರದ ಹತ್ತಿರ ನಿಂತು ಕರುಣಾ, "ಬುಟ್ಟಿ ತುಂಬಿದೆ ಅಂತ ಪಪ್ಪನಿಗೆ ಹೇಳಮ್ಮ," ಎನ್ನುವಳು. ಸುಗಂಧಿ ಎರಡು ಹೆಜ್ಜೆ ದೂರದಲ್ಲಿದ್ದ ಗಂಡನಿಗೆ ಅದನ್ನೇ ಹೇಳುವಳು. ರಸವನ್ನು ನನ್ನ ಕೆಳಗಿನ ಪೀಪಾಯಿಗೆ ತುಂಬಿದರು. ಕೆಲದಿನಗಳಲ್ಲಿ ಅದು ಗುಳುಗುಳು ಎಂದು ಹುದುಗತೊಡಗಿತು. ನನ್ನ ಅಡಿಯಲ್ಲಿ ಜೀವವೊಂದು ಉಸಿರಾಡುತ್ತಿದೆ ಎನ್ನಿಸಿ ಧೈರ್ಯ ಬಂತು.

ಚಳಿ ಬಲಿಯಿತು, ಗುಳುಗುಳು ನಿಂತಿತು. ಮೋಸೆಲ್ ಕಡೆ ಚಳಿಗೆ ಹೀಗೆ ನಿಲ್ಲುವುದುಂಟು. ಕೆಲವೊಮ್ಮೆ ವಸಂತದಲ್ಲಿ ಮತ್ತೆ ಶುರುವಾಗುತ್ತದೆ, ಕೆಲವೊಮ್ಮೆ ಒಳಗೇ ಕೆಟ್ಟುಹೋಗುತ್ತದೆ. ಮಥಿಯಾಸ್ ದಿನಾ ಬಂದು ಪೀಪಾಯಿಗೆ ಕಿವಿಯಿಟ್ಟು ಕೇಳುವನು. ಒಂದು ದಿನ ಅವನ ಹಿಂದೆಯೇ ಸುಗಂಧಿ ಇಳಿದು ಬಂದಳು.

"ಎಂತ ಅನ್ನಿಸ್ತದೆ?"

"ಗೊತ್ತಿಲ್ಲ. ಇದೂ ಕೆಟ್ರೆ ಊರು ಬಿಡುವ ಸುಗಂಧಿ. ನಂಗೆ ಈ ಊರಲ್ಲಿ ಇನ್ನು ಯಾರಿಗೂ ಮುಖ ತೋರಿಸ್ಲಿಕ್ಕೆ ಆಗುದಿಲ್ಲ."

"ಊರು ಬಿಡುದು ಆಮೇಲೆ. ಮೊದ್ಲು ಮಗಳ ಹತ್ರ ಮಾತಾಡಿ."

"ಎಂತ ಅಂತ ಮಾತಾಡ್ಲಿ?"

ಸುಗಂಧಿ ಮೆಟ್ಟಿಲು ಹತ್ತಿ ಮೇಲೆ ಹೋದಳು. ಅವನು ಅಲ್ಲೇ ನಿಂತು ಬರಿಗೈಯಿಂದ ಪೀಪಾಯಿಯನ್ನು ಸವರುತ್ತಿದ್ದ. ನನಗೂ ಬೇರೆ ಕೆಲಸವಿರಲಿಲ್ಲ, ಕಿವಿಗೊಟ್ಟು ಕಾಯುವುದೊಂದೇ. ಎಷ್ಟೋ ಮೇಳಗಳಲ್ಲಿ ಬೆಳಕು ಚಪ್ಪಾಳೆ ಕಂಡ ನನಗೆ ಅಂಥ ಉದ್ದನೆಯ ಚಳಿಗಾಲ ಇನ್ನೊಂದಿಲ್ಲ. ವಸಂತದ ಒಂದು ಬೆಳಿಗ್ಗೆ ನನ್ನ ಅಡಿಯಲ್ಲಿ ಸಣ್ಣಗೆ ಒಂದು ಗುಳುಕು ಕೇಳಿತು. ಸ್ವಲ್ಪ ಬಿಟ್ಟು ಇನ್ನೊಂದು.

ವೈನ್ ತಿಳಿಯಾದ ದಿನ ಮಥಿಯಾಸ್ ಹಿಲ್ಡಾಳನ್ನು ಕರೆಸಿದ. ಅವಳ ಹಿಂದೆ ಸಂಘದ ಇಬ್ಬರು ಮುದುಕರೂ ಬಂದು, ಮೆಟ್ಟಿಲ ಮೇಲೆಯೇ ಬಿಗಿದ ಮುಖದಲ್ಲಿ ನಿಂತರು. ಮಥಿಯಾಸ್ ಒಂದು ಲೋಟ ಹಿಡಿದು ತುಂಬಿಸಿದ. ತಾನು ಮೂಸಿ ನೋಡಲಿಲ್ಲ. ಹಿಲ್ಡಾಳಿಗೂ ಕೊಡಲಿಲ್ಲ. ಮಗಳ ಎದುರು ಹೋಗಿ ನಿಂತು, ಈ ಬಾರಿ ಅವಳ ಮುಖವನ್ನೇ ನೋಡಿದ.

"ರುಚಿ ನೋಡು ಮಗಳೇ," ಎಂದ. "ಇದ್ದದ್ದನ್ನ ಇದ್ದ ಹಾಗೆ ಹೇಳು."

ಕರುಣಾ ಕುಡಿದಳು. ಬಾಯಲ್ಲೇ ಇಟ್ಟುಕೊಂಡಳು. ನುಂಗಿದಳು. ಕಣ್ಣು ಮುಚ್ಚಿ ಅಲುಗಾಡದೆ ನಿಂತಳು. ಸುಗಂಧಿ ಗೋಡೆ ಹಿಡಿದುಕೊಂಡಿದ್ದಳು. ಇಲ್ಲ ಎಂದರೆ ಈ ಹುಡುಗಿ ಇಲ್ಲ ಎಂದೇ ಹೇಳುತ್ತಾಳೆ ಎಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

"ನಮ್ಮ ಬಂಡೆಯದು," ಎಂದಳು ಕರುಣಾ. "ನಮ್ಮ ಕೈಯದು, ಪಪ್ಪ."

ಮಥಿಯಾಸ್ ಅಲ್ಲೇ ಕೆಳಗಿನ ಮೆಟ್ಟಿಲ ಮೇಲೆ ಕೂತು ಮುಖ ಮುಚ್ಚಿಕೊಂಡ. ಕರುಣಾ ಅವನ ಪಕ್ಕ ಹೋಗಿ ಕೂತಳು. ಮುದುಕರಲ್ಲೊಬ್ಬ ಮುಂದೆ ಬಂದು, ನನಗೂ ಸ್ವಲ್ಪ ಕೊಡು ಎಂದು ಲೋಟ ಚಾಚಿದ.

ಹಿಲ್ಡಾ ನನ್ನನ್ನು ಪೀಪಾಯಿಯಿಂದ ಎತ್ತಿಕೊಂಡು ಕರುಣಾಳ ಬಳಿ ಬಂದಳು. ಬೆರಳುಗಳು ನನ್ನ ಮುರಿದ ಜಾಗಕ್ಕೆ ತಾಗಿ ತಡೆದವು.

"ಎಲೆ ಒಂದು ಇಲ್ಲವಲ್ಲ," ಎಂದಳು.

"ಅದು ಬಿದ್ದೇ ಹೋಯ್ತು ಆಂಟಿ, ಅವತ್ತು," ಎಂದಳು ಕರುಣಾ.

ಸುಗಂಧಿ ಸದ್ದಿಲ್ಲದೆ ಮೇಲೆ ಹೋದಳು. ತಿರುಗಿ ಬಂದಾಗ ಅವಳ ಕೈಯಲ್ಲಿ ಆ ಚಮಚವಿತ್ತು, ಹಿಡಿಯಲ್ಲಿ ಹೂವಿದ್ದದ್ದು.

"ಒಂದು ಎಲೆಗೆ ಸಾಕಾಗ್ತದಾ ನೋಡಿ ಹಿಲ್ಡಕ್ಕ," ಎಂದಳು. "ನಮ್ಮ ಅಜ್ಜಿಯದ್ದು. ಇವಳಿಗೆ ಗಂಜಿ ತಿನ್ನಿಸಿದ್ದು ಇದರಲ್ಲೇ."

ತಾನು ಹಿಂದೆ ಆಡಿದ ಮಾತು ಈ ಮನೆಗೆ ತಲುಪಿತ್ತೆಂದು ಹಿಲ್ಡಾಳಿಗೆ ಆಗ ತಿಳಿಯಿತು. ಅವಳು ಎರಡೂ ಕೈ ಚಾಚಿ ಚಮಚವನ್ನು ತೆಗೆದುಕೊಂಡಳು. ಕ್ಷಮಿಸು ಎಂದಳೋ, ಸಾಕಾಗುತ್ತದೆ ಎಂದಳೋ, ದನಿ ಹೊರಬರಲಿಲ್ಲವಾದ್ದರಿಂದ ನಾನು ಹೇಳಲಾರೆ. ಅಕ್ಕಸಾಲಿಗನ ಅಂಗಡಿಗೆ ನನ್ನನ್ನೂ ಚಮಚವನ್ನೂ ಅವಳೇ ಒಯ್ದಳು.

ಆ ಎಲೆಯನ್ನು ನನಗೆ ಬೆಸೆದ ದಿನ, ಅಡುಗೆಕೋಣೆಯಲ್ಲಿ ಕೇಳಿ ನೆನಪಿಟ್ಟುಕೊಂಡಿದ್ದ ದನಿಗಳಿಗೆಲ್ಲ ಒಂದೊಂದಾಗಿ ಅರ್ಥ ಬಂತು. ದೋಸೆ, ಗಂಜಿ, ಮಗಾ, ಎಂತ, ಉಂಟು. ನನ್ನ ಕನ್ನಡ ಬಂದದ್ದು ಹೀಗೆ.

ಮುಂದಿನದ್ದೆಲ್ಲ ಒಳ್ಳೆಯದೇ ಆಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ಬೆಟ್ಟದ ಅರ್ಧಭಾಗವನ್ನು ಮುಳ್ಳೇ ನುಂಗಿತು. ಕೆಲವರು ಕ್ರೆಮರ್ ಮನೆಯವರ ಜೊತೆ ಕೊನೆಯವರೆಗೂ ಮಾತಾಡಲಿಲ್ಲ. ಆದರೆ ಉಳಿದರ್ಧದಲ್ಲಿ ಕರುಣಾ ದುಡಿದಳು. ವರ್ಷಗಳು ಕಳೆದ ಹಾಗೆ, ಹುಳಿಯೂ ಕಲ್ಲೂ ಇರುವ ವೈನನ್ನೇ ಹುಡುಕಿಕೊಂಡು ದೂರದಿಂದ ಬರುವವರು ಹುಟ್ಟಿಕೊಂಡರು. ಉತ್ಸವದ ರಾಣಿಯರಿಗೆ ಈಗ ಹಗುರವಾದ ಹೊಸ ಕಿರೀಟ ಬಂದಿದೆ. ನಾನು ಕರುಣಾಳ ಅಂಗಡಿಯ ಕಿಟಕಿಯ ಪಕ್ಕದ ಹಲಗೆಯ ಮೇಲೆ ಇದ್ದೇನೆ. ಬಂದವರು ನನ್ನನ್ನು ತಲೆಗಿಟ್ಟು ಫೋಟೋ ತೆಗೆಸಿಕೊಳ್ಳುತ್ತಾರೆ. ಚೆನ್ನಾಗಿದೆ ಚೆನ್ನಾಗಿದೆ ಎಂದು ವೈನನ್ನು ಹೊಗಳಲು ಹೊರಟರೆ ಕರುಣಾ ತಡೆದು, ಮೊದಲು ಕುಡಿಯಿರಿ, ಆಮೇಲೆ ಹೇಳಿ ಎನ್ನುತ್ತಾಳೆ. ಅವಳ ಕೂದಲೂ ಈಗ ನನ್ನ ಬಣ್ಣಕ್ಕೆ ಬಂದಿದೆ.

ಮಥಿಯಾಸ್ ಹೋಗಿ ಬಹಳ ಕಾಲವಾಯಿತು. ಹೋದ ವರ್ಷ ಸುಗಂಧಿಯೂ ಹೋದಳು. ಈ ಊರಿನಲ್ಲಿ ಕನ್ನಡದಲ್ಲಿ ಮಾತಾಡಿಸಲು ಕರುಣಾಳಿಗೆ ಇನ್ನು ಯಾರೂ ಉಳಿದಿಲ್ಲ. ಸಂಜೆ ಅಂಗಡಿಯ ಬಾಗಿಲು ಹಾಕುವ ಮೊದಲು ಅವಳು ನನ್ನ ಹತ್ತಿರ ಬಂದು, ಉಳಿದವುಗಳಿಗಿಂತ ಸ್ವಲ್ಪ ಬಿಳಿಯಾಗಿರುವ ಆ ಒಂದು ಎಲೆಯನ್ನು ಬೆರಳಿನಿಂದ ಮುಟ್ಟುತ್ತಾಳೆ.

"ಬರ್ತೇನೆ ಅಮ್ಮ," ಎನ್ನುತ್ತಾಳೆ.

ಹೋಗಿ ಬಾ ಮಗಾ ಎಂದು ಹೇಳಲು ನನಗೆ ಬಾಯಿಲ್ಲ. ಹೇಳಬೇಕಾದ ಮಾತು ಮಾತ್ರ ಗೊತ್ತಿದೆ.